ಹನ್ನೊಂದು ಗಂಟೆಗೆ ಪೋಡಿ ನೆನಪಾಗದ ಹಾಗೆ ಬೆಳಗ್ಗಿನ ತಿಂಡಿ ಮಾಡುದು ಹೇಗೆ

ತೂಕ ಇಳಿಸ್ಲಿಕ್ಕೆ ಹೊರಟ ಮೊದಲನೇ ತಿಂಗಳು ನಾನು ಮಾಡಿದ್ದು ಎಂತ ಗೊತ್ತುಂಟಾ, ಆರು ನೀರುದೋಸೆ ತಿನ್ನುವಲ್ಲಿ ಎರಡು ತಿಂದು ಎದ್ದದ್ದು. ಅಷ್ಟೆ. ಅದೇ ಡಯಟ್ ಅಂತ ನನ್ನ ಲೆಕ್ಕ. ನೀರ್ಚಾಲಿಂದ ಬಸ್ಸು ಹತ್ತಿ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿಗೆ ಬಂದು ಆಫೀಸಿನಲ್ಲಿ ಕೂತು ಕಂಪ್ಯೂಟರ್ ಆನ್ ಮಾಡುವಾಗ ಸರಿಯೇ ಇರ್ತದೆ, ಹತ್ತೂವರೆಗೆ ಹೊಟ್ಟೆಯೊಳಗೆ ಏನೋ ಕರೀತದೆ, ಹನ್ನೊಂದಕ್ಕೆ ಚಾ ತರುವ ಹುಡುಗ ಬರುವಾಗ ಅವನ ಕೈಯ ಪೇಪರ್ ಕಟ್ಟಿನಲ್ಲಿ ಬಿಸಿ ಬಿಸಿ ಬಾಳೆಹಣ್ಣು ಪೋಡಿ, ಅಂದ್ರೆ ಬಜ್ಜಿ. ಒಂದು ಅಂತ ತಗೊಂಡದ್ದು ಎರಡಾಗ್ತದೆ. ನಾಲ್ಕು ನೀರುದೋಸೆ ಬಿಟ್ಟು ಉಳಿಸಿದ್ದಕ್ಕಿಂತ ಜಾಸ್ತಿ ಆ ಎರಡು ಪೋಡಿಯಲ್ಲೇ ಒಳಗೆ ಹೋಗಿ ಆಯ್ತು, ತಿಂಗಳ ಕೊನೆಗೆ ತೂಕ ನೋಡಿದ್ರೆ ಮುನ್ನೂರು ಗ್ರಾಂ ಮೇಲೆ.

ಮತ್ತೆ ನಿಧಾನಕ್ಕೆ ಗೊತ್ತಾದದ್ದು ಕಡಿಮೆ ತಿನ್ನುದು ಒಂದು, ಹೊಟ್ಟೆ ತುಂಬುವ ಹಾಗೆ ಕಡಿಮೆ ಕ್ಯಾಲೊರಿ ತಿನ್ನುದು ಇನ್ನೊಂದು ಅಂತ. ಎರಡನೇದಕ್ಕೆ ಅಡಿಗೆ ಮಾಡ್ಲಿಕ್ಕೆ ಬರ್ಬೇಕು. ಅದೂ ನಮ್ಮ ಊರಿನ ಅಡಿಗೆಯಲ್ಲೇ ಉಂಟು, ಹೊಸತಾಗಿ ಎಂತ ಕಲೀಬೇಕಾಗಿಲ್ಲ, ಅಕ್ಕಿ ಮತ್ತು ಕಾಳಿನ ಲೆಕ್ಕ ತಿರುಗಿಸಿ ಹಾಕಿದ್ರೆ ಸಾಕು. ಹತ್ತು ತಿಂಗಳಲ್ಲಿ ನನ್ನದು 78 ರಿಂದ 69ಕ್ಕೆ ಬಂದದ್ದು ಹಾಗೆ. ಬರೇ ತಿಂಡಿಯಿಂದ ಇಳಿದದ್ದಲ್ಲ, ರಾತ್ರಿಯ ಅನ್ನವೂ ಅರ್ಧ ಆಗಿದೆ, ಸಂಜೆ ನಡೀತೇನೆ, ಆದ್ರೆ ಬೆಳಗ್ಗಿಂದು ಸರಿಯಾಗದೆ ಬೇರೆ ಯಾವುದೂ ನನಗೆ ನಿಲ್ಲಲಿಲ್ಲ.

ಮೊದಲು ತೂಕದ ಮಿಷಿನ್

ಮೈ ತೂಕದ್ದಲ್ಲ, ಅಡಿಗೆಮನೆಯ ಸಣ್ಣ ಡಿಜಿಟಲ್ ಮಿಷಿನ್, ಗ್ರಾಂ ತೋರಿಸುವಂಥದ್ದು. ಒಂದು ತಗೊಳ್ಳಿ. ಜೀವಮಾನ ಪೂರ್ತಿ ತೂಗಿ ತಿನ್ನಿ ಅಂತಲ್ಲ, ಎರಡು ವಾರ ತೂಗಿದ್ರೆ ಕಣ್ಣಿಗೇ ಅಂದಾಜು ಬರ್ತದೆ. ನಾನು ಮೊದಲ ದಿನ ತೂಗಿದ್ದು ಕಾಯಿತುರಿ. ನೀರುದೋಸೆಗೆ ಕಾಯಿಬೆಲ್ಲ ಮಾಡ್ಲಿಕ್ಕೆ ಒಂದು ಹಿಡಿ ತೆಗೆದದ್ದು, 30 ಗ್ರಾಂ ಇತ್ತು. ಹಸಿ ತೆಂಗಿನಕಾಯಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಅಂದ್ರೆ ಆ ಹಿಡಿಯಲ್ಲಿ ನೂರರ ಮೇಲೆ, ಬೆಲ್ಲ ಒಂದು ತುಂಡು ಸೇರಿದ್ರೆ 160. ನಾನು ದೋಸೆ ಲೆಕ್ಕ ಮಾಡ್ತಾ ಕೂತಿದ್ದೆ, ದೋಸೆಯ ಪಕ್ಕದಲ್ಲಿ ಕೂತದ್ದನ್ನು ನೋಡಿರಲೇ ಇಲ್ಲ!

ನೀರುದೋಸೆದೇ ಲೆಕ್ಕ ಹೇಳ್ತೇನೆ. ಒಂದು ಲೋಟ ಬೆಳ್ತಿಗೆ (ಬಿಳಿ) ಅಕ್ಕಿ ಅಂದ್ರೆ 200 ಗ್ರಾಂ, 700 ಕ್ಯಾಲೊರಿ ಹತ್ತಿರ, ತೆಳ್ಳಗೆ ಹೊಯ್ದರೆ 13 ದೋಸೆ ಆಗ್ತದೆ. ಒಂದಕ್ಕೆ 50 ಚಿಲ್ಲರೆ. ಅದೇನು ದೊಡ್ಡದಲ್ಲ. ಆದ್ರೆ ಆರು ದೋಸೆಯಲ್ಲಿ ಪ್ರೋಟೀನ್ ಬರೇ ಆರೇಳು ಗ್ರಾಂ, ಫೈಬರ್ ಇಲ್ಲ ಅಂತಲೇ ಹೇಳ್ಬಹುದು, ಅಗೀಲಿಕ್ಕೆ ಸಹ ಎಂತ ಇಲ್ಲ, ಬಾಯಿಗೆ ಹಾಕಿದ್ರೆ ಜಾರ್ತದೆ. ಹಾಗಾಗಿ ಹೊಟ್ಟೆಗೆ ತಿಂದದ್ದೇ ಗೊತ್ತಾಗುದಿಲ್ಲ. ಹೊಟ್ಟೆ ತುಂಬುದಕ್ಕೆ ಮೂರು ಬೇಕು: ನೀರು ತುಂಬಿದ ತರಕಾರಿ ಇದ್ದು ತಟ್ಟೆ ದೊಡ್ಡ ಕಾಣ್ಬೇಕು, ಪ್ರೋಟೀನ್ ಇರ್ಬೇಕು, ಹಲ್ಲಿಗೆ ಕೆಲಸ ಇರ್ಬೇಕು. ಕಾಳಿನಲ್ಲಿ ಎರಡು ಒಟ್ಟಿಗೆ ಸಿಗ್ತದೆ. ಒಣ ಹೆಸರುಕಾಳು 100 ಗ್ರಾಂಗೆ ಪ್ರೋಟೀನ್ 22-24 ಗ್ರಾಂ, ಅಕ್ಕಿಗೆ 7-8. ಕ್ಯಾಲೊರಿ ನೋಡಿದ್ರೆ ಎರಡೂ ಹೆಚ್ಚುಕಡಿಮೆ ಒಂದೇ. ಅದೇ ಕ್ಯಾಲೊರಿಗೆ ಮೂರರಷ್ಟು ಪ್ರೋಟೀನ್ ಸಿಗುವಾಗ ಬಿಡುದ್ಯಾಕೆ.

ನಾನು ಬೆಳಗ್ಗೆಗೆ ಇಟ್ಟುಕೊಂಡ ಮಿತಿ 300 ರಿಂದ 350 ಕ್ಯಾಲೊರಿ, ಅದರಲ್ಲಿ ಪ್ರೋಟೀನ್ 12-15 ಗ್ರಾಂ ಆದ್ರೂ. ತೋಟದಲ್ಲಿ ಅಡಿಕೆ ಹೆಕ್ಕುವವರಿಗೆ, ಮೈಮುರಿದು ದುಡಿಯುವವರಿಗೆ ಇದು ಸಾಕಾಗುದಿಲ್ಲ, ನನ್ನ ಹಾಗೆ ಕುರ್ಚಿಯಲ್ಲಿ ಕೂರುವವರ ಲೆಕ್ಕ ಇದು.

ಹೆಸರುಕಾಳು ದೋಸೆ, ವಾರಕ್ಕೆ ಮೂರು ದಿನ

ರಾತ್ರಿ ಊಟ ಆಗಿ ಪಾತ್ರೆ ತೊಳೆಯುವಾಗ ಒಂದು ಲೋಟ ಹೆಸರುಕಾಳು, ಎರಡು ದೊಡ್ಡ ಚಮಚ ಬೆಳ್ತಿಗೆ ಅಕ್ಕಿ ಒಟ್ಟಿಗೆ ನೆನೆಹಾಕಿ ಮಲಗುದು. ಬೆಳಗ್ಗೆ ಆ ನೀರು ಚೆಲ್ಲಿ, ಎರಡು ಸಲ ತೊಳೆದು, ಒಂದು ತುಂಡು ಶುಂಠಿ, ಎರಡು ಹಸಿಮೆಣಸು (ಹಿತ್ತಿಲಲ್ಲಿ ಗಾಂಧಾರಿ ಇದ್ರೆ ಅದೇ, ಆದ್ರೆ ಕೈ ಹಿಡಿತ ಇರಲಿ), ಅರ್ಧ ಚಮಚ ಜೀರಿಗೆ, ಉಪ್ಪು ಹಾಕಿ ಕಡೆಯುದು. ತುಂಬ ನುಣ್ಣಗೆ ಬೇಡ, ಸ್ವಲ್ಪ ರವೆ ರವೆ ಇದ್ರೆ ದೋಸೆ ಗರಿ ಆಗ್ತದೆ. ಹುಳಿ ಬರಿಸ್ಲಿಕ್ಕಿಲ್ಲ, ಕಡೆದ ಕೂಡ್ಲೇ ಹೊಯ್ಯಬಹುದು. ಹಿಟ್ಟಿಗೆ ಸಣ್ಣ ಕೊಚ್ಚಿದ ನೀರುಳ್ಳಿ, ಕೊತ್ತಂಬರಿ ಸೊಪ್ಪು, ನುಗ್ಗೆಸೊಪ್ಪು ಒಂದು ಹಿಡಿ. ನುಗ್ಗೆಸೊಪ್ಪು ಹಾಕಿದ ದಿನ ಮಗ ತಟ್ಟೆ ನೋಡಿ ಎದ್ದು ಹೋಗ್ತಾನೆ, ಅವನದ್ದು ಮೊದಲೇ ಹೊಯ್ದು ಇಡ್ಬೇಕು.

ಇಷ್ಟಕ್ಕೆ ಹತ್ತು ದೋಸೆ ಬರ್ತದೆ, ಒಂದಕ್ಕೆ 75-80 ಕ್ಯಾಲೊರಿ, ಎಣ್ಣೆ ಬಿಟ್ಟು. ಮೂರು ತಿಂದ್ರೆ ಪ್ರೋಟೀನ್ 13 ಗ್ರಾಂ ಹತ್ತಿರ ಆಗ್ತದೆ, ಮಧ್ಯಾಹ್ನ ಒಂದು ಗಂಟೆವರೆಗೆ ನನಗೆ ಹಸಿವು ಅಂತ ಅನ್ನಿಸುದಿಲ್ಲ.

ಎಣ್ಣೆ ಬಗ್ಗೆ ಒಂದು ಮಾತು. ಎಣ್ಣೆ ಯಾವುದಾದ್ರೂ ಗ್ರಾಂಗೆ 9 ಕ್ಯಾಲೊರಿ, ತೆಂಗಿನೆಣ್ಣೆ ಒಳ್ಳೆದು ಆ ಎಣ್ಣೆ ಕೆಟ್ಟದ್ದು ಅಂತ ವಾದ ಮಾಡುವವರೂ ಇದರಲ್ಲಿ ಎಂತ ಮಾಡ್ಲಿಕ್ಕಾಗುದಿಲ್ಲ. ಒಂದು ದೊಡ್ಡ ಚಮಚಕ್ಕೆ 120. ಕಾವಲಿಗೆ ಬಾಟ್ಲಿಯಿಂದ ಸೀದಾ ಸುರಿದ್ರೆ ಒಂದು ದೋಸೆಗೆ ಆ ಚಮಚ ಹೋದದ್ದೇ ಗೊತ್ತಾಗುದಿಲ್ಲ. ನಮ್ಮ ಅಜ್ಜಿ ಮಾಡ್ತಿದ್ದದ್ದು ನೆನಪು ಮಾಡ್ಕೊಳ್ಳಿ, ನೀರುಳ್ಳಿಯನ್ನು ಅಡ್ಡ ಕತ್ತರಿಸಿ ಎಣ್ಣೆಗೆ ಅದ್ದಿ ಕಾವಲಿಗೆ ತಿಕ್ಕುದು. ಹಾಗೆ ಮಾಡಿದ್ರೆ ಅರ್ಧ ಸಣ್ಣ ಚಮಚದಲ್ಲಿ ಎರಡು ದೋಸೆ ಏಳ್ತದೆ. ಕಬ್ಬಿಣದ ಕಾವಲಿ ಪಳಗಿದ್ದಿರ್ಬೇಕು ಅಷ್ಟೆ, ಇಲ್ಲಾಂದ್ರೆ ಎರಡು ದೋಸೆ ನಾಯಿಗೆ ಹೋಗ್ತದೆ, ನಮ್ಮಲ್ಲಿ ಮೊದಲ ವಾರ ನಾಯಿಯೇ ದಪ್ಪ ಆದದ್ದು.

ಕೂಡ್ಲಿಕ್ಕೆ ತೆಂಗಿನಕಾಯಿ ಚಟ್ನಿ ಬೇಡ ಅಂತಲ್ಲ. ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇರುವ ಊರಿನಲ್ಲಿ ಕೂತು, 1916 ರಲ್ಲೇ ತೆಂಗಿನ ಸಂಶೋಧನೆ ಸುರುವಾದ ಜಾಗದಲ್ಲಿ ಕೂತು, ಕಾಯಿ ಬಿಡಿ ಅಂತ ಹೇಳಿದ್ರೆ ನನ್ನನ್ನು ಮನೆಯಿಂದ ಹೊರಗೆ ಹಾಕ್ತಾರೆ. ಒಬ್ಬರಿಗೆ ಒಂದು ದೊಡ್ಡ ಚಮಚ ತುರಿಯ ಲೆಕ್ಕ ಇಟ್ಟು, ಉಳಿದ ದಪ್ಪವನ್ನು ಬೇರೆಯದರಿಂದ ತರಿಸುದು. ಹುರಿಗಡಲೆ ಸ್ವಲ್ಪ, ಕೊತ್ತಂಬರಿ ಸೊಪ್ಪು ಒಂದು ಕಟ್ಟು, ಇಲ್ಲಾಂದ್ರೆ ಹೀರೆಕಾಯಿ ಸಿಪ್ಪೆ ಬಾಡಿಸಿ ಕಡೆದದ್ದು. ನನಗೆ ಎಲ್ಲಕ್ಕಿಂತ ಇಷ್ಟ ಮುಳ್ಳುಸೌತೆ ಮೊಸರು ಗೊಜ್ಜು: ಒಂದು ಇಡೀ ಮುಳ್ಳುಸೌತೆ ಕೊಚ್ಚಿ, ಕಾಲು ಲೋಟ ಮೊಸರು, ಉಪ್ಪು, ಹಸಿಮೆಣಸು, ಸಾಸಿವೆ ಒಗ್ಗರಣೆ ಎರಡು ಹನಿ ಎಣ್ಣೆಯಲ್ಲಿ. ಒಂದು ದೊಡ್ಡ ಬಟ್ಟಲು ಆಗ್ತದೆ, 80 ಕ್ಯಾಲೊರಿ ದಾಟುದಿಲ್ಲ.

ತರಕಾರಿಯನ್ನು ಹಿಟ್ಟಿನೊಳಗೇ ಕಡೆಯುದು

ಇದು ನಮ್ಮ ಕಡೆಯವರಿಗೆ ಹೊಸತಲ್ಲ. ಮಳೆಗಾಲಕ್ಕೆ ಮುಳ್ಳುಸೌತೆ ಬಲಿತು ಹಳದಿ ಆದಾಗ ದೋಸೆಗೆ ಕಡೆಯುದು, ಬಾಳೆದಿಂಡಿನ ದೋಸೆ, ಸೋರೆಕಾಯಿ ದೋಸೆ, ಹಲಸಿನಕಾಯಿ ದೋಸೆ, ಇದೆಲ್ಲ ಅಕ್ಕಿ ಉಳಿಸ್ಲಿಕ್ಕೆ ಹಿಂದಿನವರು ಮಾಡಿದ್ದು ಅಂತ ನನ್ನ ಅಂದಾಜು. ಈಗ ನಾವು ಅದನ್ನೇ ಹೊಟ್ಟೆ ಇಳಿಸ್ಲಿಕ್ಕೆ ಮಾಡುದು. ಅಕ್ಕಿ ಮುಕ್ಕಾಲು ಲೋಟ, ಹೆಸರುಬೇಳೆ ಕಾಲು ಲೋಟ ಮೂರು ಗಂಟೆ ನೆನೆಸಿ, ಬೀಜ ತೆಗೆದು ತುರಿದ ಸೌತೆ ಎರಡು ಲೋಟ. ನೀರು ಒಂದು ಹನಿ ಹಾಕ್ಬೇಡಿ, ಸೌತೆಯೇ ಬಿಡ್ತದೆ, ಮೊದಲೇ ನೀರು ಹಾಕಿದ್ರೆ ಹಿಟ್ಟು ತೀರಾ ತೆಳ್ಳಗಾಗಿ ಕಾವಲಿ ಬಿಟ್ಟು ಏಳುದೇ ಇಲ್ಲ. ಮೊದಲು ಸೌತೆ ಕಡೆದು ಆ ರಸದಲ್ಲೇ ಅಕ್ಕಿ ಕಡೆಯಿರಿ. ಸ್ವಲ್ಪ ದಪ್ಪಕ್ಕೆ ಹೊಯ್ದು ಮುಚ್ಚಿ ಬೇಯಿಸುದು, ಉರಿ ಸಣ್ಣ. ಎರಡು ಲೋಟ ಸೌತೆ ಸೇರಿಸಿದ್ದಕ್ಕೆ ಪೂರ್ತಿ ಹಿಟ್ಟಿಗೆ ಮೂವತ್ತು ನಲವತ್ತು ಕ್ಯಾಲೊರಿ ಜಾಸ್ತಿ ಆದದ್ದು ಅಷ್ಟೆ, ದೋಸೆ ಮಾತ್ರ ಒಂದೂವರೆ ಪಾಲು ಆಗ್ತದೆ.

ಹಲಸಿನಕಾಯಿಯದ್ದು ಹಾಗಲ್ಲ, ಬಲಿತ ಸೊಳೆಯಲ್ಲಿ ಪಿಷ್ಟ ಉಂಟು, ಸೌತೆ ಹಾಗೆ ಬರೇ ನೀರಲ್ಲ. ಅದನ್ನು ಅಕ್ಕಿ ಬದಲಿಗೆ ಅಂತ ಲೆಕ್ಕ ಇಡಿ, ಅಕ್ಕಿಯ ಮೇಲೆ ಅಂತ ಅಲ್ಲ.

ಗಂಜಿ, ಆದ್ರೆ ಅರ್ಧಕ್ಕರ್ಧ

ಈ ಒಂದು ತಿಂಡಿಯ ಬಗ್ಗೆ ನಾನು ಎಷ್ಟು ಬೇಕಾದ್ರೂ ಹೇಳ್ತೇನೆ. ಗಂಜಿ ಅಂದ್ರೆ ಜ್ವರ ಬಂದವರದ್ದು ಅಂತ ಪೇಟೆಯವರು ನಗ್ತಾರೆ. ಕುಚ್ಚಿಲಕ್ಕಿ ಕಾಲು ಲೋಟ, ಹೆಸರುಕಾಳು ಕಾಲು ಲೋಟ, ಅಂದ್ರೆ ಐವತ್ತು ಐವತ್ತು ಗ್ರಾಂ. ಕಾಳನ್ನು ರಾತ್ರಿ ನೆನೆಸಿ. ಕುಚ್ಚಿಲಕ್ಕಿಯನ್ನೂ ಅದರ ಒಟ್ಟಿಗೇ ನೆನೆಸಿಬಿಟ್ರೆ ಬೆಳಗ್ಗೆ ಗ್ಯಾಸ್ ಉಳೀತದೆ. ಐದು ಲೋಟ ನೀರು, ದೊಡ್ಡ ಕುಕ್ಕರ್ ಆಗ್ಬೇಕು, ಸಣ್ಣದರಲ್ಲಿ ಇಟ್ರೆ ಸೀಟಿಯಲ್ಲಿ ಗಂಜಿನೀರು ಹಾರಿ ಗೋಡೆ ಪೂರ್ತಿ ಹಾಳು. ಆರು ಸೀಟಿ, ಮತ್ತೆ ತನ್ನಷ್ಟಕ್ಕೆ ಪ್ರೆಶರ್ ಇಳಿಯಲಿ. ತೆಗೆದು ಉಪ್ಪು, ಒಂದು ಚಿಟಿಕೆ ಜೀರಿಗೆ ಜಜ್ಜಿ ಹಾಕಿ, ಬೇಕಿದ್ರೆ ಎರಡು ಬೆಳ್ಳುಳ್ಳಿ. ಒಬ್ಬರಿಗೆ ಬಟ್ಟಲಿನ ಅಂಚಿನವರೆಗೆ ಬರ್ತದೆ, ಪೂರ್ತಿ ಕುಡಿದ್ರೂ 350 ಕ್ಯಾಲೊರಿ ದಾಟುದಿಲ್ಲ, ಪ್ರೋಟೀನ್ 15 ಗ್ರಾಂ. ನನಗೆ ಎಷ್ಟೋ ದಿನ ಮುಗಿಸ್ಲಿಕ್ಕೇ ಆಗುದಿಲ್ಲ.

ಕರ್ಕಾಟಕ ತಿಂಗಳಲ್ಲಿ (ಜುಲೈ-ಆಗಸ್ಟ್) ಇಲ್ಲಿ ಮೆಂತ್ಯ, ಸೊಪ್ಪು ಎಲ್ಲ ಹಾಕಿ ಮದ್ದಿನ ಗಂಜಿ ಮಾಡ್ತಾರಲ್ಲ, ಹಾಗೆ ಒಂದು ಚಮಚ ಮೆಂತ್ಯ ಸೇರಿಸಿದ್ರೂ ಒಳ್ಳೆದೇ, ಕಹಿ ಅಭ್ಯಾಸ ಇರ್ಬೇಕು. ತೆಂಗಿನ ಹಾಲು ಹಾಕುವ ಕ್ರಮ ಉಂಟು ಕೆಲವರಲ್ಲಿ, ಅದು ಮಾತ್ರ ಬಿಡಿ.

ಗಂಜಿಗೆ ನಂಜಿಕೊಳ್ಳಲಿಕ್ಕೆ ಎಂತ ಅನ್ನುದೇ ಮುಖ್ಯ. ಮಿಡಿ ಉಪ್ಪಿನಕಾಯಿ, ಹಪ್ಪಳ ಅಂತ ಹೋದ್ರೆ ಉಪ್ಪು ಮತ್ತು ಎಣ್ಣೆ. ಉಪ್ಪಿನಿಂದ ಕೊಬ್ಬು ಬರುದಿಲ್ಲ, ನೀರು ನಿಲ್ತದೆ, ಮರುದಿನ ತೂಕ ನೋಡಿದ್ರೆ ಅರ್ಧ ಕಿಲೋ ಮೇಲೆ ತೋರಿಸಿ ಎದೆ ಒಡೀತದೆ. ದಿನಕ್ಕೆ ಉಪ್ಪು 5 ಗ್ರಾಂ ಒಳಗೆ ಅಂತ ಹೇಳುದು, ಅದು ಒಂದು ಸಣ್ಣ ಚಮಚ, ಉಪ್ಪಿನಕಾಯಿ ತಿನ್ನುವ ಮನೆಯಲ್ಲಿ ಬೆಳಗ್ಗೆಯೇ ಅರ್ಧ ಮುಗೀತದೆ. ನಾನು ಮಾಡುದು ಬಾಳೆದಿಂಡು ಪಲ್ಯ ಅಥವಾ ಹರಿವೆ ಪಲ್ಯ. ಬಾಳೆದಿಂಡನ್ನು ತೆಳು ಬಿಲ್ಲೆ ಮಾಡುವಾಗ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೀತಾ ಹೋಗಿ, ಕೊಚ್ಚಿದ್ದನ್ನು ಮಜ್ಜಿಗೆ ನೀರಿಗೆ ಹಾಕಿಡಿ, ಕಪ್ಪಾಗುದಿಲ್ಲ. ಇದು ರಾತ್ರಿಯೇ ಮಾಡಿಡುವ ಕೆಲಸ, ಬೆಳಗ್ಗೆ ಆರು ಗಂಟೆಗೆ ನಾರು ಸುತ್ತುತ್ತಾ ಕೂತ್ರೆ ಬಸ್ಸು ಹೋಗ್ತದೆ.

ಪುಟ್ಟು ಮತ್ತು ಕಡ್ಲೆ

ಕರ್ನಾಟಕ ಕೇರಳದ ಗಡಿಯಲ್ಲಿರುದಕ್ಕೆ ನಮಗೆ ಸಿಕ್ಕಿದ ಲಾಭ ಇದು, ಅತ್ತ ನೀರುದೋಸೆಯೂ ಉಂಟು ಇತ್ತ ಕೊಳವೆಯಲ್ಲಿ ಆವಿಗೆ ಬೇಯಿಸುವ ಅಕ್ಕಿಹಿಟ್ಟಿನ ಪುಟ್ಟೂ ಉಂಟು. ಹೋಟ್ಲಲ್ಲಿ ಎರಡು ದೊಡ್ಡ ಕಟ್ಟ (ಒಂದು ಕೊಳವೆ ತುಂಬ ಬೇಯುವಷ್ಟು ಒಂದು ಕಟ್ಟ) ಪುಟ್ಟಿಗೆ ಒಂದು ಸಣ್ಣ ಬಟ್ಟಲು ಕಡ್ಲೆ ಕೊಡ್ತಾರೆ. ಮನೆಯಲ್ಲಿ ಅದನ್ನು ತಿರುಗಿಸಿ, ಅರ್ಧ ಕಟ್ಟ ಪುಟ್ಟು, ದೊಡ್ಡ ಬಟ್ಟಲು ಕಡ್ಲೆ. ಕಪ್ಪು ಕಡ್ಲೆ 50 ಗ್ರಾಂ ಒಣದ್ದು ನೆನೆದು ಬೆಂದರೆ ಎರಡರಷ್ಟಾಗ್ತದೆ, ಪ್ರೋಟೀನ್ 9-10 ಗ್ರಾಂ. ಕೊಳವೆಗೆ ಹಿಟ್ಟು ತುಂಬುವಾಗ ಮಧ್ಯೆ ಮಧ್ಯೆ ಕಾಯಿತುರಿ ಹಾಕುವಲ್ಲಿ ಒಂದು ಕಡೆ ಮಾತ್ರ ಕಾಯಿ, ಉಳಿದಲ್ಲಿ ತುರಿದ ಕ್ಯಾರೆಟ್. ಬಣ್ಣ ನೋಡಿ ಮಕ್ಕಳೂ ತಿಂತಾರೆ. ಅಕ್ಕಿಹಿಟ್ಟಿಗೆ ಅರ್ಧ ರಾಗಿಹಿಟ್ಟು ಸೇರಿಸಿದ್ರೆ ಫೈಬರ್ ಬಂತು. ರಾಗಿ ಬೆರೆಸಿದಾಗ ನೀರು ಚಿಮುಕಿಸುದು ಸ್ವಲ್ಪ ಜಾಸ್ತಿ ಬೇಕು, ಮುಷ್ಟಿಯಲ್ಲಿ ಹಿಡಿದ್ರೆ ಮುದ್ದೆಯಾಗಿ, ಒತ್ತಿದ್ರೆ ಉದುರುವ ಹದ.

ಕಡ್ಲೆ ಗಸಿಗೆ ಹುರಿದ ಕಾಯಿ ಕಡೆದು ಹಾಕಿದ್ರೆ ರುಚಿ ಬರುದು ನಿಜ, ಅಲ್ಲಿಯೂ ಹೋಗುದು ಕಾಯಿಯೇ. ನಾಲ್ಕು ಜನಕ್ಕೆ ಎರಡು ದೊಡ್ಡ ಚಮಚ ತುರಿಯನ್ನು ಎಣ್ಣೆ ಇಲ್ಲದೆ ಕೆಂಪಗೆ ಹುರಿಯಿರಿ, ಕೊತ್ತಂಬರಿ, ಮೆಣಸು ಸೇರಿಸಿ, ಬೆಂದ ಕಡ್ಲೆಯನ್ನೇ ಒಂದು ಸೌಟು ಹಾಕಿ ಕಡೆಯಿರಿ. ಗಸಿ ದಪ್ಪ ಆಗ್ತದೆ, ಕಾಯಿ ಕಡಿಮೆ ಆದದ್ದು ಯಾರಿಗೂ ಗೊತ್ತಾಗುದಿಲ್ಲ. ಅತ್ತೆಗೆ ಇವತ್ತಿಗೂ ನಾನು ಹೇಳಲಿಲ್ಲ.

ಕಾಳು ತರುವವರಿಗೆ ಒಂದು: ಕೇರಳ ಸರಕಾರದ ಮಾವೇಲಿ ಸ್ಟೋರಿನಲ್ಲಿ ರೇಶನ್ ಕಾರ್ಡಿಗೆ ಹೆಸರು, ಕಡ್ಲೆ, ಉದ್ದು ಸಬ್ಸಿಡಿಯಲ್ಲಿ ಸಿಗುವಾಗ ತಂದಿಡಿ. ಡಯಟ್ ಅಂದ್ರೆ ದುಡ್ಡಿದ್ದವರದ್ದು ಅಂತ ಹೇಳುವವರಿಗೆ ಇಷ್ಟೇ ಉತ್ತರ.

ಉಳಿದದ್ದು ಬೇಗ ಹೇಳ್ತೇನೆ

ಇಡ್ಲಿ ಒಳ್ಳೆದೇ, ಎಣ್ಣೆ ಇಲ್ಲ, ಉದ್ದು ಉಂಟು. ಮೂರು ಇಡ್ಲಿಗೆ ಎರಡು ಬಟ್ಟಲು ಸಾಂಬಾರು, ಸಾಂಬಾರಿನಲ್ಲಿ ನೀರಿಗಿಂತ ತರಕಾರಿ ಜಾಸ್ತಿ. ಹಲಸಿನ ಎಲೆಯ ಕೊಟ್ಟಿಗೆ (ಎಲೆಯ ದೊನ್ನೆಯಲ್ಲಿ ಬೇಯಿಸಿದ ಇಡ್ಲಿ) ಆದ್ರೆ ಒಂದು ಅಂದ್ರೆ ಒಂದು ಇಡ್ಲಿ ಅಲ್ಲ, ಗಾತ್ರ ನೋಡಿ ಎಣಿಸಿ.

ಅವಲಕ್ಕಿಗೆ ಕಾಯಿ ಬೆಲ್ಲ ಕಲಸುವ ಬದಲು, ತೆಳು ಅವಲಕ್ಕಿ 40 ಗ್ರಾಂ, ಮುಕ್ಕಾಲು ಲೋಟ ಮೊಸರು, ಮುಳ್ಳುಸೌತೆ ತುರಿ, ಮೊಳಕೆ ಬಂದ ಹೆಸರು ಒಂದು ಹಿಡಿ, ಒಗ್ಗರಣೆ. ಹತ್ತು ನಿಮಿಷದ ಕೆಲಸ. ಮೊಳಕೆಯನ್ನು ಮಳೆಗಾಲದಲ್ಲಿ ಹಸಿ ತಿನ್ಬೇಡಿ, ಬೇಗ ಲೋಳೆ ಬರ್ತದೆ, ಆವಿಯಲ್ಲಿ ಐದು ನಿಮಿಷ ಇಟ್ಟು ತಿನ್ನಿ.

ಮೊಟ್ಟೆ ನಮ್ಮಲ್ಲಿ ಒಳಗೆ ಬರುದಿಲ್ಲ. ತಿನ್ನುವವರಿಗೆ ಅದಕ್ಕಿಂತ ಸುಲಭ ಬೇರೆ ಇಲ್ಲ, ಒಂದರಲ್ಲಿ 70-75 ಕ್ಯಾಲೊರಿ, ಪ್ರೋಟೀನ್ 6 ಗ್ರಾಂ. ನೆರೆಕರೆಯ ಮನೆಯವರು ಎರಡು ಮೊಟ್ಟೆಗೆ ಒಂದು ಲೋಟ ಕೊಚ್ಚಿದ ಕ್ಯಾಬೇಜು, ನೀರುಳ್ಳಿ ಹಾಕಿ ದಪ್ಪ ಆಮ್ಲೆಟ್ ಮಾಡಿ ಒಂದು ಪತ್ತಿರಿ (ತೆಳು ಅಕ್ಕಿರೊಟ್ಟಿ) ಒಟ್ಟಿಗೆ ತಿನ್ನುದು, ಅವರದ್ದು ನನಗಿಂತ ಬೇಗ ಇಳಿದದ್ದು. ಹೊಟ್ಟೆಕಿಚ್ಚು ಇಲ್ಲ ಅಂತ ಹೇಳುದಿಲ್ಲ.

ಓಟ್ಸ್ ಬೇಕಾದವರು ತಿನ್ನಿ, ಕೆಟ್ಟದ್ದಲ್ಲ, 40 ಗ್ರಾಂಗೆ 150 ಕ್ಯಾಲೊರಿ, ಅದರಲ್ಲಿ ನೀರು ಹಿಡಿದು ಅಂಟಂಟಾಗುವ ಒಂದು ತರದ ಫೈಬರ್ ಉಂಟು, ಹಸಿವು ತಡೀತದೆ. ಸಾದಾ ಓಟ್ಸ್ ತಂದು ಉಪ್ಪಿಟ್ಟಿನ ಹಾಗೆ ತರಕಾರಿ ಹಾಕಿ ಮಾಡಿ. ಮಸಾಲೆ ಪೌಚಿನಲ್ಲಿ ಉಪ್ಪು, ಹಣ್ಣಿನ ತುಂಡು ಇರುವ ಮ್ಯೂಸ್ಲಿಯಲ್ಲಿ ಎಷ್ಟೋ ಸಲ ಸಕ್ಕರೆ, ಹಿಂದಿನ ಲೇಬಲ್ ಓದಿ ತಗೊಳ್ಳಿ. ನನಗೆ ಅದರ ಅಂಟು ಆಗುದಿಲ್ಲ, ಎರಡು ಪ್ಯಾಕೆಟ್ ದನಕ್ಕೆ ಹಾಕಿದ್ದೇನೆ.

ಹಣ್ಣು ಅಂದ್ರೆ ಬಪ್ಪಂಗಾಯಿ (ಪಪ್ಪಾಯಿ). ಹಿತ್ತಿಲಲ್ಲಿ ಬಿದ್ದು ಹಾಳಾಗುವ ಹಣ್ಣು, 100 ಗ್ರಾಂಗೆ 40 ಕ್ಯಾಲೊರಿ ಆಸುಪಾಸು, ದೊಡ್ಡ ತಟ್ಟೆ ತುಂಬ ತಿನ್ಬಹುದು. ನೇಂದ್ರ ಬಾಳೆ ಅದರ ಮೂರರಷ್ಟು, ಪುಟ್ಟಿನ ಒಟ್ಟಿಗೆ ನೇಂದ್ರ ತಿಂದ್ರೆ ಆ ದಿನ ಪುಟ್ಟು ಕಾಲು ಕಟ್ಟ. ಜ್ಯೂಸ್ ಬೇಡ, ಅಗೀಲಿಕ್ಕೆ ಇರುವುದನ್ನು ಕುಡಿಯುದು ಯಾಕೆ.

ಬನ್ಸ್, ಪೂರಿ, ಗೋಳಿಬಜೆಗೆ ಇಲ್ಲಿ ರೆಸಿಪಿ ಇಲ್ಲ, ಕಡಿಮೆ ಎಣ್ಣೆಯ ಗೋಳಿಬಜೆ ಅಂತ ಒಂದು ಮಾಡಿದ್ದೆ ಪಡ್ಡು ಕಾವಲಿಯಲ್ಲಿ, ಅದು ಗೋಳಿಬಜೆಯೂ ಆಗಲಿಲ್ಲ ಪಡ್ಡೂ ಆಗಲಿಲ್ಲ. ತಿಂಗಳಿಗೊಮ್ಮೆ ನಿಜವಾದದ್ದನ್ನೇ ತಿನ್ನಿ, ಎರಡು.

ಚಾ ಲೆಕ್ಕಕ್ಕೆ ಬರ್ಬೇಕು

ಎಲ್ಲ ಸರಿ ಮಾಡಿ ಚಾದಲ್ಲಿ ಸೋಲುವವರನ್ನು ತುಂಬ ನೋಡಿದ್ದೇನೆ, ನಾನೂ ಅದರಲ್ಲಿ ಒಬ್ಬಳು. ಬೆಳಗ್ಗೆ ಎದ್ದ ಕೂಡ್ಲೇ ಒಂದು, ತಿಂಡಿಗೆ ಒಂದು, ಹನ್ನೊಂದಕ್ಕೆ ಒಂದು. ಎರಡೆರಡು ಚಮಚ ಸಕ್ಕರೆ ಅಂದ್ರೆ ಮಧ್ಯಾಹ್ನದೊಳಗೆ 30 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024 ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಇಡೀ ದಿನಕ್ಕೆ ಹೇಳಿದ್ದು 25 ಗ್ರಾಂ ಒಳಗೆ. ಒಮ್ಮೆಲೇ ನಿಲ್ಲಿಸ್ಲಿಕ್ಕೆ ನನ್ನಿಂದ ಆಗಲಿಲ್ಲ, ಎರಡು ಚಮಚ ಇದ್ದದ್ದು ಒಂದೂವರೆ, ಎರಡು ವಾರ ಬಿಟ್ಟು ಒಂದು, ಮತ್ತೆ ಅರ್ಧ, ಹಾಗೆ ಇಳಿಸಿದೆ. ಈಗ ಯಾರ ಮನೆಗೆ ಹೋಗಿ ಚಾ ಕುಡಿದ್ರೂ ಪಾಯಸ ಕುಡಿದ ಹಾಗೆ ಆಗ್ತದೆ. ಬೆಲ್ಲ ಹಾಕಿದ್ರೆ ಪರವಾಗಿಲ್ಲ ಅಂತ ಒಂದು ನಂಬಿಕೆ ಉಂಟಲ್ಲ, ಕ್ಯಾಲೊರಿ ಲೆಕ್ಕಕ್ಕೆ ಬೆಲ್ಲವೂ ಸಕ್ಕರೆಯೂ ಅಣ್ಣ ತಮ್ಮ.

ಯಾರು ಹುಷಾರಾಗಿರ್ಬೇಕು

ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಅಕ್ಕಿಯನ್ನು ಒಮ್ಮೆಲೇ ಅರ್ಧ ಮಾಡ್ಬೇಡಿ, ಮದ್ದು ಹಾಗೇ ಇದ್ದು ತಿಂಡಿ ಕಡಿಮೆ ಆದ್ರೆ ಶುಗರ್ ಕೆಳಗೆ ಇಳಿದು ತಲೆ ತಿರುಗಿ ಬೀಳ್ತೀರಿ, ಡಾಕ್ಟರಿಗೆ ಹೇಳಿ ಸುರು ಮಾಡಿ. ಕಿಡ್ನಿ ತೊಂದರೆ ಇದ್ದವರಿಗೆ ಪ್ರೋಟೀನ್ ಎಷ್ಟು ಅಂತ ಡಾಕ್ಟರೇ ಹೇಳ್ಬೇಕು. ಬಸುರಿ ಬಾಣಂತಿಯರಿಗೆ ಈ ಲೆಕ್ಕ ಬೇಡವೇ ಬೇಡ.

ತೂಕ ಜಾಸ್ತಿ ಉಂಟಾ ಇಲ್ವಾ ಅಂತ ಸಂಶಯ ಇದ್ದವರು ಟೇಪು ತಗೊಂಡು ಸೊಂಟ ಅಳೆಯಿರಿ. ನಮ್ಮ ದೇಶದವರಿಗೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90, ಅದರ ಮೇಲೆ ಹೋದ್ರೆ ಕೆಲಸ ಉಂಟು ಅಂತ ಅರ್ಥ. ವಾರಕ್ಕೆ ಅರ್ಧ ಕಿಲೋ ಇಳಿದ್ರೆ ಬೇಕಾದಷ್ಟಾಯ್ತು, ನನ್ನದು ಅಷ್ಟೂ ಇಳೀಲಿಲ್ಲ.

ಮತ್ತೊಂದು ನಾಚಿಕೆಯ ವಿಷಯ, ಗ್ಯಾಸ್. ಅಭ್ಯಾಸ ಇಲ್ಲದವರು ಒಮ್ಮೆಲೇ ದಿನಾ ಕಾಳು ತಿಂದ್ರೆ ಬಸ್ಸಲ್ಲಿ ಕೂರ್ಲಿಕ್ಕಾಗುದಿಲ್ಲ. ಮೊದಲ ವಾರ ಎರಡು ದಿನ, ಮತ್ತೆ ಮೂರು, ಹಾಗೆ ಏರಿಸಿ. ನೆನೆಸಿದ ನೀರು ಚೆಲ್ಲುದು, ಚೆನ್ನಾಗಿ ಬೇಯಿಸುದು, ಶುಂಠಿ ಇಂಗು ಹಾಕುದು, ನೀರು ಜಾಸ್ತಿ ಕುಡಿಯುದು. ಹುರುಳಿ ಕೂಡ ಹೆಸರಿನ ಹಾಗೆಯೇ ಪ್ರೋಟೀನ್ ಇರುವ ಕಾಳು, ಅತ್ತೆ ಪ್ರಕಾರ ಅದು ಉಷ್ಣ, ಮೇ ತಿಂಗಳಲ್ಲಿ ಮುಟ್ಲಿಕ್ಕಿಲ್ಲ. ಅದರ ಮೇಲೆ ವಾದ ಮಾಡ್ಲಿಕ್ಕೆ ನಾನು ಹೋಗುದಿಲ್ಲ, ಮಳೆ ಹಿಡಿದ ಮೇಲೆ ಮಾಡ್ತೇನೆ.

ಆದಿತ್ಯವಾರ ಒಂದು ಗಂಟೆ

ಕೆಲಸಕ್ಕೆ ಹೋಗುವವರಿಗೆ ಇದು ನಡೆಯುದು ಆದಿತ್ಯವಾರ ಸಂಜೆಯ ಮೇಲೆ. ಅರ್ಧ ಕಿಲೋ ಕಡ್ಲೆ ನೆನೆಸಿ ಬೇಯಿಸಿ ನಾಲ್ಕು ಡಬ್ಬಿ ಮಾಡಿ, ಎರಡು ಫ್ರೀಜರಿಗೆ. ಹೆಸರು ದೋಸೆ ಹಿಟ್ಟು ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಜಾಸ್ತಿ ಇಡ್ಬೇಡಿ, ವಾಸನೆ ಬರ್ತದೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ, ಗಾಳಿ ಬಂದರೆ ರಾತ್ರಿಯೇ ಕಡೆದಿಟ್ಟುಬಿಡಿ, ಅರೆಯುವ ಕಲ್ಲು ಇದ್ದವರು ಪುಣ್ಯವಂತರು.

ಬೆಳಗ್ಗೆ ಏಳು ಗಂಟೆಗೆ ತಿನ್ಲಿಕ್ಕೆ ಹಸಿವಿಲ್ಲದವರು ಒತ್ತಾಯದಲ್ಲಿ ತಿನ್ಬೇಕಾಗಿಲ್ಲ, ಕಟ್ಟಿಕೊಂಡು ಹೋಗಿ ಒಂಬತ್ತೂವರೆಗೆ ತಿನ್ನಿ, ಹನ್ನೊಂದರ ಚಾ ಹುಡುಗ ಬರುವ ಮೊದಲು ತಿಂದಿದ್ರೆ ಆಯ್ತು. ಕಟ್ಟಿಕೊಂಡು ಹೋಗ್ಲಿಕ್ಕೆ ಹೆಸರು ದೋಸೆ ಸರಿ, ಬಾಳೆಎಲೆ ಬಾಡಿಸಿ ಸುತ್ತಿದ್ರೆ ಒಣಗುದಿಲ್ಲ. ಇಡ್ಲಿ ಸರಿ, ಪುಟ್ಟು ಪುಡಿಯಾಗ್ತದೆ ಆದ್ರೂ ನಡೀತದೆ. ಗಂಜಿ ಮಾತ್ರ ಬೇಡ. ಒಮ್ಮೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿಟ್ಟು ಹೊರಟಿದ್ದೆ, ಸೀತಾಂಗೋಳಿ ದಾಟಿ ಒಂದು ಹಂಪಿನಲ್ಲಿ ಬಸ್ಸು ಹಾರಿದ್ದಷ್ಟೆ, ಮುಚ್ಚಳ ಬಿಟ್ಟು, ಪಕ್ಕದಲ್ಲಿ ಕೂತ ಅಮ್ಮನ ಸೀರೆ, ನನ್ನ ಆಫೀಸಿನ ಫೈಲು, ಎಲ್ಲದರ ಮೇಲೆ ಹೆಸರುಕಾಳು. ಆ ಅಮ್ಮ ಬೈಲಿಲ್ಲ, ಸೀರೆ ಕೊಡವಿ ಒಂದೇ ಕೇಳಿದ್ದು, "ಗಂಜಿಗೆ ಮೆಂತೆ ಹಾಕಿದ್ದೀಯಾ ಮಗಳೇ, ಪರಿಮಳ ಬರ್ತಾ ಉಂಟು".